ಕೆಲಸಕ್ಕೆ ಬಾರದ ಸಾಮಾನಿನ ಮಾವಶಿ

ಮಾವಶಿಯ ಎರಡೂ ಕೈಗೆ ಒಂದೊಂದು ಗಡಿಯಾರ ಇರುತ್ತಿತ್ತು. ಎರಡೂ ಗಂಡಸರ ಗಡಿಯಾರ, ಅಗಲ ಪಟ್ಟಿಯವು. ಎಡಗೈಯದು ಸರಿಯಾದ ವೇಳೆ ತೋರಿಸುತ್ತಿತ್ತು. ಬಲಗೈಯದಕ್ಕೆ ಮುಳ್ಳುಗಳೇ ಇರಲಿಲ್ಲ. ಹಸಿರು ಮುಖದ ಮೇಲೆ ಸಣ್ಣದೊಂದು ವಿಮಾನದ ಚಿತ್ರ ಮಾತ್ರ ಉಳಿದಿತ್ತು. ಗಂಡ ತೀರಿಕೊಂಡಾಗ ಓಣಿಯ ಹಿರಿಯ ಹೆಂಗಸರು ಅವರ ಬಳೆ ಒಡೆದು ಕೈ ಬೋಳು ಮಾಡಿದ್ದರಂತೆ. ತಿಂಗಳು ತುಂಬುವುದರೊಳಗೆ ಮಾವಶಿ ಗಡಿಯಾರ ಕಟ್ಟಿಕೊಂಡು ಹೊರಗಿನ ಕಟ್ಟೆಗೆ ಬಂದು ಕೂತರು. ಇದೇನು ಎಂದು ಕೇಳಿದವರಿಗೆ, "ಬಳಿ ಹಾಕ್ಕೋಬ್ಯಾಡ ಅಂದ್ರಿ, ಹಾಕ್ಕೊಂಡಿಲ್ಲ. ಗಡಿಯಾರದ ಮಾತು ಯಾರೂ ಎತ್ತಿದ್ದಿಲ್ಲಲ್ಲ?" ಎಂದರಂತೆ. ಅದನ್ನು ನಾನು ಕಂಡವಳಲ್ಲ, ನಾನು ಈ ಓಣಿಗೆ ಸೊಸೆಯಾಗಿ ಬಂದದ್ದು ಆಮೇಲೆ. ಆದರೆ ಮಾವಶಿಯನ್ನು ಬಲ್ಲ ಯಾರೂ ಆ ಮಾತನ್ನು ಸುಳ್ಳೆನ್ನಲಾರರು.

ನಿಪ್ಪಾಣಿಯಲ್ಲಿ ನಮ್ಮ ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ತಾಯಿಯ ತಂಗಿಯಲ್ಲದಿದ್ದರೂ ಅವರು ಇಡೀ ಓಣಿಗೆ ಮಾವಶಿಯೇ. ಮಕ್ಕಳಿರಲಿಲ್ಲ. ಗಂಡನ ಮನೆಯವರದು ಏಕಸಂಬಿ ಕಡೆ ಕಬ್ಬಿನ ಹೊಲ. ನಮ್ಮ ಓಣಿಯಲ್ಲಿ ಗಂಡ ತಂಬಾಕು ಕೂಡಿಟ್ಟು ವ್ಯಾಪಾರ ಮಾಡುತ್ತಿದ್ದ ವಖಾರಿ, ಅದರ ಮಗ್ಗುಲಿಗೆ ಮಾವಶಿ ಇದ್ದ ಎರಡು ಕೋಣೆಯ ಮನೆ. ವ್ಯಾಪಾರ ನಿಂತ ಮೇಲೆ ಆ ದೊಡ್ಡ ವಖಾರಿ ಖಾಲಿ ಬಿದ್ದಿತ್ತು. ಅದನ್ನು ಮಾವಶಿ ತುಂಬಿದರು. ಯಾವುದರಿಂದ ಎಂದು ಕೇಳಿ. ನಶ್ಯದ ಡಬ್ಬಿಗಳು, ಹುಲಿ, ನವಿಲು, ಪೈಲವಾನರ ಚಿತ್ರವಿದ್ದ ಹಳೆಯ ಬೀಡಿ ಲೇಬಲ್ಲುಗಳು, ಬೆರಳು ಹಾಕಿ ತಿರುಗಿಸುವ ಫೋನುಗಳು, ಒಂದು ಕ್ಷೌರದ ಕುರ್ಚಿ, ಹಲ್ಲಿನ ಡಾಕ್ಟರ ದವಾಖಾನೆಯಿಂದ ಬಂದ ಪ್ಲಾಸ್ಟರಿನ ದವಡೆಗಳು, ಅಥಣಿಯಿಂದ ತಂದ ಚಪ್ಪಲಿ ಹೊಲಿಯುವವರ ಮರದ ಪಾದಗಳು. ಇಷ್ಟರ ನಡುವೆಯೂ ಗೋಡೆಗಳು ಇನ್ನೂ ತಂಬಾಕನ್ನೇ ನಾರುತ್ತಿದ್ದವು. ಒಳಗೆ ಹೋದವರಿಗೆ ಮೊದಲು ಸೀನು ಬರುತ್ತಿತ್ತು, ಆಮೇಲೆ ನಗೆ.

ಓಣಿಯವರು ಇದಕ್ಕೆ ಹುಚ್ಚು ಎಂದರು. ನನ್ನ ಅತ್ತೆಯೂ ಅಂದರು. ನಾನು ಕೂಡ ಮೊದಮೊದಲು ಹಾಗೇ ಅಂದುಕೊಂಡಿದ್ದೆ.

ಆಗ ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಶಾಲೆ, ಅಡುಗೆಮನೆ, ಮಕ್ಕಳ ಪರೀಕ್ಷೆ, ಮತ್ತೆ ಶಾಲೆ. ಮದುವೆಯಲ್ಲಿ ತವರಿನವರು ಕೊಟ್ಟ ಕಪಾಟಿನಲ್ಲೂ ಗಂಡನ ಕಾಗದಪತ್ರಗಳೇ ತುಂಬಿದ್ದವು. ಊರು ಬಿಟ್ಟು ಹೋದರೆ ಲಗ್ನಕ್ಕೆ, ಇಲ್ಲವಾದರೆ ಸತ್ತವರ ಮಣ್ಣಿಗೆ. ಒಂದು ದಿನ ಸಂಜೆ ಮಾವಶಿ ನಮ್ಮ ಬಾಗಿಲಲ್ಲಿ ನಿಂತು, ಅತ್ತೆಯ ಎದುರಿಗೇ, "ಟೀಚರ್ರ, ರವಿವಾರ ಪುಣೆದ ಜುನಾ ಬಾಜಾರಕ್ಕ, ಹಳೀ ಸಾಮಾನಿನ ಸಂತಿಗಿ ಹೊಂಟೇನಿ, ನೀವೂ ಬರ್ರಿ" ಎಂದರು. ಅತ್ತೆ, "ಅಲ್ಲೇನ್ ಕೆಲಸ ಐತಿ ಆಕಿದು?" ಎಂದು ಕೇಳಿದರು. "ಏನೂ ಇಲ್ಲ. ಅದಕ್ಕs ಕರಿಯಾಕತ್ತೇನಿ" ಎಂದರು ಮಾವಶಿ. ಅತ್ತೆಗೆ ಇದಕ್ಕೆ ಉತ್ತರ ಹೊಳೆಯುವಷ್ಟರಲ್ಲಿ ನಾನು ಬಸ್ಸಿನಲ್ಲಿದ್ದೆ. ನಮ್ಮ ಜೊತೆ ಓಣಿಯ ಟೇಲರ್‌ಬಾಯಿಯೂ ಇದ್ದರು. ಅವರು ಬ್ಲೌಸು ಹೊಲಿಯುವುದರಲ್ಲಿ ಎಷ್ಟು ಚುರುಕೋ ಮಾತಿನಲ್ಲೂ ಅಷ್ಟೇ.

ಆ ತಿರುಗಾಟಗಳಿಗೆ ಮಾವಶಿ ಒಂದೇ ಒಂದು ನಿಯಮ ಮಾಡಿದ್ದರು. ಮನೆಗೆ ಉಪಯೋಗವಾಗುವ ಯಾವ ಸಾಮಾನನ್ನೂ ಕೊಳ್ಳಬಾರದು. ಪಾತ್ರೆ ಇಲ್ಲ, ಚಾದರ ಇಲ್ಲ, ಮಕ್ಕಳಿಗೆ ಅಂಗಿ ಇಲ್ಲ. ಮೊದಲ ಸಲ ನಾನು ಅಭ್ಯಾಸಬಲದಿಂದ ಒಂದು ಚಹಾ ಸೋಸುವ ಜರಡಿ ಕೊಂಡೆ. ಮಾವಶಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಅಲ್ಲೇ ಚಹಾ ಮಾರುತ್ತಿದ್ದವಳಿಗೆ ಕೊಟ್ಟುಬಿಟ್ಟರು. ನನಗೆ ಸಿಟ್ಟು ಬಂತು. "ಯಾಕ್ರಿ ಮಾವಶಿ?" ಎಂದೆ.

"ಜರಡಿ ಮನಿಗಿ ಹೋದ್ರ ಮನಿದಾಗ್ತೈತಿ, ನಿಂದಾಗೂದಿಲ್ಲ. ಯಾರಿಗೂ ಬ್ಯಾಡಾದ್ದು ತಗೋ. ಅದನ್ನ ಯಾರೂ ನಿನ್ನ ಕಡಿಂದ ಕಸ್ಗೊಳ್ಳೂದಿಲ್ಲ" ಎಂದರು.

ಬಿಸಿಲಿನಲ್ಲಿ ಬಹಳ ಹೊತ್ತು ಅಲೆದು ನಾನು ತಗಡಿನ ಒಂದು ಬಾತುಕೋಳಿ ಆರಿಸಿದೆ. ಅದರ ಒಂದು ಗಾಲಿ ಮುರಿದಿತ್ತು. ಕೀಲಿ ತಿರುವಿದರೆ ಮುಂದೆ ಹೋಗದೆ ನಿಂತಲ್ಲೇ ಗಿರಗಿರ ಸುತ್ತುತ್ತಿತ್ತು. ಮನೆಯಲ್ಲಿ ಅದನ್ನು ಟಿವಿಯ ಪಕ್ಕ ಇಟ್ಟಾಗ ಗಂಡ, "ಇದ್ಯಾರದು?" ಎಂದು ಕೇಳಿದರು. "ನಂದು" ಎಂದೆ. ಆ ಮನೆಯಲ್ಲಿ ಎಷ್ಟೋ ವರ್ಷ ಕಳೆದ ಮೇಲೆ ಒಂದು ಸಾಮಾನಿಗೆ ನಾನು ಹಾಗೆ ಅಂದದ್ದು ಅದೇ ಮೊದಲು. ಅವರು ಸುಮ್ಮನೆ ನಕ್ಕರು. ನಾನು ನಗಲಿಲ್ಲ.

ಆಮೇಲೆ ನಾವು ನಿಲ್ಲಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಚಿಕ್ಕೋಡಿ, ರಾಯಬಾಗ, ಕಾಗವಾಡದ ಸಂತೆಗಳಲ್ಲಿ ನಾವು ತಡಕದ ಹಳೆ ಸಾಮಾನಿನ ರಾಶಿ ಇರಲಿಲ್ಲ. ಮಿರಜಿನಲ್ಲಿ ಒಡೆದ ತಂಬೂರಿಯ ಬುರುಡೆ ಸಿಕ್ಕಿತು. ಮಾವಶಿ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರು. ಪುಣೆಗೆ ಹೋದಾಗ ಬಾಜಾರ ಮುಗಿಸಿ ಚಿತ್ರಗಳ ಪ್ರದರ್ಶನ ಎಲ್ಲಿದ್ದರೂ ಹುಡುಕಿ ಹೊಗುತ್ತಿದ್ದೆವು. ಒಮ್ಮೆ ಒಂದು ದೊಡ್ಡ ಹಜಾರದಲ್ಲಿ, ಗೋಡೆ ತುಂಬ ಬರೀ ಕೆಂಪು ಬಳಿದ ಚಿತ್ರವೊಂದಿತ್ತು. ಟೇಲರ್‌ಬಾಯಿ ಅದನ್ನು ಮೇಲೆ ಕೆಳಗೆ ನೋಡಿ, "ಇದರಾಗ ತಿಳ್ಕೊಳ್ಳೂದರ ಏನೈತ್ರಿ?" ಎಂದರು. ಬಾಗಿಲ ಬಳಿ ನಿಂತವನು ಮುಸಿಮುಸಿ ನಕ್ಕ.

ಮಾವಶಿ ಅವನಿಗೂ ಕೇಳುವಂತೆ ಹೇಳಿದರು: "ತಿಳೀಬೇಕಂತ ಎಲ್ಲಿ ಬರದಾರ? ನಿಂತ ನೋಡು. ಮನಿಯಾಗ ಯಾರರ ನಿನಗ ಹೀಂಗ ಸುಮ್ನ ನಿಂದ್ರಾಕ ಬಿಟ್ಟಾರನು?"

ನಾವು ಮೂವರೂ ಆ ಕೆಂಪಿನ ಮುಂದೆ ನಿಂತೆವು. ನಿಂತಷ್ಟು ಹೊತ್ತು ನನ್ನನ್ನು ಯಾರೂ ಕರೆಯಲಿಲ್ಲ, ಏನೂ ಕೇಳಲಿಲ್ಲ. ಹೊರಗೆ ಬಂದಾಗ ಟೇಲರ್‌ಬಾಯಿಯ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮಾವಶಿಯೂ ಕಲೆಗಾರ್ತಿಯೇ ಆಗಿದ್ದರು, ಅವರು ಆ ಮಾತು ಬಳಸುತ್ತಿರಲಿಲ್ಲ ಅಷ್ಟೇ. ವಖಾರಿಯ ಬಾಗಿಲ ಪಕ್ಕದಲ್ಲಿ ಅವರು ಆಳೆತ್ತರದ ಒಬ್ಬ ಸಾಹೇಬನನ್ನು ಕಟ್ಟಿ ನಿಲ್ಲಿಸಿದ್ದರು. ತಂಬೂರಿಯ ಬುರುಡೆ ಅವನ ಹೊಟ್ಟೆ, ಗ್ರಾಮಫೋನಿನ ತುತ್ತೂರಿ ಅವನ ಬಾಯಿ, ಫೋನಿನ ಎರಡು ಚಕ್ರ ಅವನ ಕಣ್ಣು, ಕಾಲಿಗೆ ಅಥಣಿಯ ಮರದ ಪಾದಗಳು. ಅವನು ಬೀದಿಗೆ ಮುಖ ಮಾಡಿ ನಿಂತಿದ್ದ. ಇದರಿಂದ ಓಣಿಗೆ ಅಪಶಕುನ ಎಂದು ಕೆಲವರು ತಕರಾರು ತೆಗೆದರು. ಮಾವಶಿ ಮರುದಿನವೇ ಅವನ ತಲೆಗೆ ಕೊಲ್ಲಾಪುರಿ ಫೇಟಾ ಸುತ್ತಿದರು. "ಈಗ ನಮಸ್ಕಾರ ಮಾಡ್ರಿ" ಎಂದರು.

ಈ ಎಲ್ಲದರ ಮೇಲೆ ಕಣ್ಣಿಟ್ಟವನು ಅವರ ಮೈದುನನ ಮಗ. ಏಕಸಂಬಿಯಲ್ಲಿ ಕಬ್ಬು, ಕೈಯಲ್ಲಿ ದೊಡ್ಡ ಫೋನು, ಮಾತಿಗೊಮ್ಮೆ "ದೊಡ್ಡವ್ವಾ" ಎನ್ನುವ ನಯ. ಅವನಿಗೆ ವಖಾರಿ ಖಾಲಿಯಾಗಬೇಕಿತ್ತು, ಅಲ್ಲಿ ಮೋಟಾರ್‌ಸೈಕಲ್ಲಿನ ಷೋರೂಮು ಹಾಕಬೇಕಿತ್ತು. ಅವನು ಕೇಳಿದಾಗೆಲ್ಲ ಮಾವಶಿ ಅವನಿಗೆ ಚಹಾ ಕೊಟ್ಟು ಕಳಿಸುತ್ತಿದ್ದರು. ಒಂದು ರವಿವಾರ ನಾವು ಮಿರಜಿಗೆ ಹೋಗಿದ್ದಾಗ ಅವನು ಬೀಗ ಒಡೆಸಿ, ಗುಜರಿ ಕೊಳ್ಳುವ ಭಂಗಾರದವನ ಟೆಂಪೋ ತಂದು ನಿಲ್ಲಿಸಿದ. ಮಧ್ಯಾಹ್ನ ನಾವು ಬಂದು ನೋಡುತ್ತೇವೆ, ಕ್ಷೌರದ ಕುರ್ಚಿ ಆಗಲೇ ಟೆಂಪೋ ಏರಿದೆ, ಡಬ್ಬಿಗಳೆಲ್ಲ ಗೋಣಿಚೀಲದಲ್ಲಿವೆ. ಓಣಿಯವರು ಕಟ್ಟೆ ತುಂಬ ಕೂತು ತಮಾಷೆ ನೋಡುತ್ತಿದ್ದಾರೆ.

ಮಾವಶಿ ಕೂಗಾಡಲಿಲ್ಲ. ಸೀರೆಯ ನಿರಿಗೆ ಎತ್ತಿ ಕಟ್ಟಿ, ಗಾಲಿಯ ಮೇಲೆ ಕಾಲಿಟ್ಟು ಟೆಂಪೋ ಹತ್ತಿ, ಆ ಕ್ಷೌರದ ಕುರ್ಚಿಯಲ್ಲೇ ಕೂತರು.

"ತೂಗಪಾ" ಎಂದರು ಭಂಗಾರದವನಿಗೆ. "ಮೊದಲ ನನ್ನ ತೂಗು. ನನ್ನ ಕಬ್ಬಣದಾಗ ಹಿಡೀತಿಯೋ, ರದ್ದಿಯಾಗ ಹಿಡೀತಿಯೋ, ಅದನ್ನಷ್ಟ ಹೇಳು."

"ದೊಡ್ಡವ್ವಾ, ಇಳೀರಿ, ಮಂದಿ ನೋಡಾಕತ್ತಾರ" ಎಂದ ಮೈದುನನ ಮಗ.

"ನೋಡಲಿ. ಕಟ್ಟಿ ಮ್ಯಾಲ ಅದಕ್ಕs ಕುಂತಾರ. ನಾ ಇರೂತನಕ ಈ ವಖಾರಿಗಿ ಕೈ ಹಚ್ಚಾವ ಮೊದಲ ನನ್ನ ಇಳಿಸ್ಬೇಕು. ಬಾ, ಹತ್ತು, ಇಳಿಸು."

ಅವನು ಹತ್ತಲಿಲ್ಲ. ಭಂಗಾರದವನು ಕೈಮುಗಿದು, "ಆಯೀ, ನನಗ ಗೊತ್ತಿದ್ದಿಲ್ರಿ" ಎಂದು ತಾನೇ ಚೀಲಗಳನ್ನು ಇಳಿಸತೊಡಗಿದ. ಟೇಲರ್‌ಬಾಯಿ ಮತ್ತು ನಾನು ಒಳಗೆ ಹೊತ್ತೆವು. ಕಟ್ಟೆಯ ಮೇಲಿದ್ದವರಲ್ಲಿ ಒಬ್ಬಿಬ್ಬರು ಹೆಂಗಸರು ಎದ್ದು ಬಂದು ಕೈಜೋಡಿಸಿದರು, ಗಂಡಂದಿರು ಹುಬ್ಬು ಗಂಟಿಕ್ಕಿದರೂ ಬಂದರು. ಕೊನೆಯ ಚೀಲ ಒಳಗೆ ಹೋಗುವವರೆಗೂ ಮಾವಶಿ ಕುರ್ಚಿಯಿಂದ ಏಳಲಿಲ್ಲ. ಇಳಿದು ಬಂದವರು ಮೊದಲು ಮಾಡಿದ ಕೆಲಸ ಎಂದರೆ ಹೊಸ ಬೀಗ ತರಿಸಿದ್ದು.

ಹೋದ ಚಳಿಗಾಲದಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳಿಂದ ರಸ್ತೆ ದಾಟುವುದೇ ಕಷ್ಟವಾಗಿದ್ದ ದಿನಗಳಲ್ಲಿ, ಮಾವಶಿ ಜ್ವರ ಎಂದು ಮಲಗಿದವರು ಏಳಲಿಲ್ಲ. ನನಗೆ ಅಳುವುದಕ್ಕಿಂತ ಮೊದಲು ಹೆದರಿಕೆಯಾಯಿತು. ಇನ್ನು ವಖಾರಿಗೆ ಅಡ್ಡ ಕೂರುವವರು ಯಾರೂ ಇರಲಿಲ್ಲ. ಕಾಗದದ ಪ್ರಕಾರ ಅದು ಮೈದುನನ ಮಗನದೇ. ದಹನ ಮುಗಿಸಿ ಬಂದ ಸಂಜೆಯೇ ಅವನು ಮಾವಶಿಯ ಕೀಲಿ ಹಿಡಿದು ಬೀಗದ ಮುಂದೆ ನಿಂತು ಫೋನಿನಲ್ಲಿ ಭಂಗಾರದ ಮಾತಾಡುತ್ತಿದ್ದುದನ್ನು ನಾನು ಕಿವಿಯಾರೆ ಕೇಳಿದೆ.

ನಮ್ಮ ಕಡೆ ಮೂರನೆಯ ದಿನ ಬೂದಿ ಎತ್ತುವಾಗ ಸತ್ತವರಿಗೆ ಇಷ್ಟವಾದ ತಿನಿಸು ಇಟ್ಟು ಕಾಗೆಗೆ ಕಾಯುತ್ತಾರೆ. ಕಾಗೆ ಮುಟ್ಟಿದರೆ ಜೀವ ತೃಪ್ತಿಯಾಗಿದೆ ಎಂದರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ, ಆಗ ಮನೆಯವರು ಅದನ್ನು ನಡೆಸಿಕೊಡುವುದಾಗಿ ಎಲ್ಲರೆದುರು ಮಾತು ಕೊಡಬೇಕು. ಬಾಳೆ ಎಲೆಯ ಮೇಲೆ ಮೆಣಸಿನಕಾಯಿ ಭಜಿ, ಹೋಳಿಗೆ, ಒಂದು ಕಪ್ ಚಹಾ ಇಟ್ಟರು. ಬೇವಿನ ಗಿಡದ ಮೇಲೆ ಕಾಗೆಗಳು ಕೂತಿದ್ದವು. ಒಂದೂ ಕೆಳಗೆ ಇಳಿಯಲಿಲ್ಲ.

"ದೊಡ್ಡವ್ವಾ, ವರ್ಷದ ತಿಥಿ ಜೋರ ಮಾಡ್ತೀನಿ" ಎಂದ ಮೈದುನನ ಮಗ. ಕಾಗೆ ಕದಲಲಿಲ್ಲ. "ಗುಡಿಗಿ ನಿನ್ನ ಹೆಸರಲೆ ಗಂಟಿ ಕೊಡಸ್ತೀನಿ" ಎಂದ. ಅದಕ್ಕೂ ಇಲ್ಲ. ಬಿಸಿಲು ಏರಿತು. ಹೊಲಕ್ಕೆ ಹೋಗಬೇಕಾದವರು ಚಡಪಡಿಸತೊಡಗಿದರು. ದೂರದಲ್ಲಿ ಹೆಂಗಸರ ಗುಂಪಿನಲ್ಲಿದ್ದ ಟೇಲರ್‌ಬಾಯಿ ನನ್ನ ಕೈ ಚಿವುಟಿ, ಗಂಟಲೆತ್ತಿ ಕೂಗಿದರು: "ವಖಾರಿ ಮಾತು ತಗೀರಿ!"

ಅವನು ತಿರುಗಿ ದುರುಗುಟ್ಟಿ ನೋಡಿದ. ಆದರೆ ಹಿರಿಯರಿಗೆ ಹೊತ್ತಾಗಿತ್ತು. "ಹೌದಲ್ಲೋ, ಆಕಿ ಜೀವ ಅಲ್ಲೇ ಇತ್ತು. ಅಂದ್ ಬಿಡು" ಎಂದರು.

"ವಖಾರಿಗಿ ಸದ್ಯಕ್ಕ ಕೈ ಹಚ್ಚೂದಿಲ್ಲ" ಎಂದು ಗೊಣಗಿದ.

"ಸದ್ಯಕ್ಕ ಅಂದ್ರ ಕಾಗಿಗಿ ತಿಳಿಯೂದಿಲ್ರಿ" ಎಂದರು ಟೇಲರ್‌ಬಾಯಿ.

ಜನ ನಕ್ಕರು, ಸ್ಮಶಾನದಲ್ಲಿ. ಅವನು ಬೆವರು ಒರೆಸಿಕೊಂಡು, "ಒಳಗಿನ ಒಂದು ಸಾಮಾನೂ ಹೊರಗ ಹಾಕೂದಿಲ್ಲ. ಬೇಕಾದ್ರ ಕೀಲಿ ಟೀಚರ್ ಕಡೆ ಇರ್ಲಿ" ಎಂದ. ಎಲ್ಲರೂ ತಲೆಯೆತ್ತಿ ಗಿಡ ನೋಡಿದೆವು.

ಕಾಗೆ ಬರಲಿಲ್ಲ. ಬಾ ಎಂದು ನಾಲ್ಕು ಜನ ಸೇರಿ ಕರೆದಾಗ ಮಾವಶಿ ಯಾವತ್ತು ಬಂದಿದ್ದರು? ಕೊನೆಗೆ ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿದರು. ಮೈದುನನ ಮಗನ ಮುಖ ಅರಳಿತು. "ಅಂದ್ರ ಆಕಿ ಆಸೆ ಅದಲ್ಲ. ಆ ಮಾತು ಬಿಟ್ಟಂಗ ಆತಲ್ರಿ?" ಎಂದು ಹಿರಿಯರನ್ನು ಕೇಳಿದ. ನಾನು ಅಲ್ಲಿಯವರೆಗೆ ಗಂಡಸರ ನಡುವೆ ಹೋಗಿ ಮಾತಾಡಿದವಳಲ್ಲ. ಹೋದೆ. "ಮಾತು ಕಾಗಿಗಿ ಕೊಟ್ಟಿಲ್ರಿ, ಆಕಿಗಿ ಕೊಟ್ಟೀರಿ. ಕೀಲಿ ಕೊಡ್ರಿ" ಎಂದು ಕೈ ಚಾಚಿದೆ. ನನ್ನ ಗಂಡ ನನ್ನ ಹೆಸರು ಹಿಡಿದು ಕರೆದರು, ನಾನು ತಿರುಗಲಿಲ್ಲ. ಹಿರಿಯರಲ್ಲಿ ಒಬ್ಬರು, "ಇಲ್ಲಿ ಆಡಿದ ಮಾತು ಇಲ್ಲೇ ತಿರುಗಿ ನುಂಗಾಕ ಬರೂದಿಲ್ಲಪಾ, ಕೊಡು" ಎಂದರು. ಅವನು ಕೊಟ್ಟ.

ಆ ಕೀಲಿ ಈಗಲೂ ನನ್ನ ಹತ್ತಿರವೇ ಇದೆ. ಮಾವಶಿ ನನಗೆ ಏನು ಕೊಟ್ಟರು ಎಂದು ಕೇಳುವವರಿಗೆ ನಾನು ಕೀಲಿ ತೋರಿಸುವುದಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯದೆ ನಿಂತದ್ದನ್ನು ಹೇಳುತ್ತೇನೆ. ಅದು ನನಗೆ ತವರು ಕಲಿಸಲಿಲ್ಲ, ಶಾಲೆ ಕಲಿಸಲಿಲ್ಲ.

ಅದೇ ವಾರದ ರವಿವಾರ ಟೇಲರ್‌ಬಾಯಿ ಬೆಳಿಗ್ಗೆಯೇ ಬಂದು ಬಾಗಿಲು ಬಡಿದರು. ಮಾವಶಿಯ ದಿನಕರ್ಮ ಇನ್ನೂ ಮುಗಿದಿಲ್ಲ, ಜನ ಏನಂದಾರು ಎಂದರು ಅತ್ತೆ. ಅನ್ನಲಿ ಎಂದೆ. ಮೂವರ ಸೀಟಿನಲ್ಲಿ ಟೇಲರ್‌ಬಾಯಿ ಕಿಟಕಿಗೆ ಕೂತರು, ನಾನು ಈ ತುದಿಗೆ ಕೂತೆ. ನಡುವೆ ಚೀಲ ಇಟ್ಟುಕೊಂಡೆವು. ಹೈವೇಗೆ ಬಂದಾಗ ಕಂಡಕ್ಟರ್ ಟಿಕೀಟು ಹರಿಯುತ್ತ ನಮ್ಮಿಬ್ಬರ ಮುಖ ನೋಡಿ ಕೇಳಿದ, "ಪುಣೆಕ್ಕ ಏನ್ ಕೆಲಸ ತಗದೀರಿ ಬಾಯ್ಯಾರ? ಲಗ್ನ ಐತೇನು, ಇಲ್ಲಾ ಯಾರರ ತೀರ್ಕೊಂಡಾರೇನು?"

"ಯಾರದೂ ಲಗ್ನ ಇಲ್ಲಪಾ" ಎಂದೆ. "ಯಾರೂ ತೀರ್ಕೊಂಡಿಲ್ಲ."

ಟೇಲರ್‌ಬಾಯಿ ನನ್ನ ಕಡೆ ನೋಡಿದರು. ಅವರೂ ಆ ಮಾತನ್ನು ತಿದ್ದಲಿಲ್ಲ.