ಮಹದೇವಪ್ಪ ಬೀಳಿಸಿದ ಗಾಡಿ

ಕೆಲಸ ಶುರು ಮಾಡುವ ಮೊದಲೇ ತಮ್ಮ ತಪ್ಪನ್ನು ಒಪ್ಪಿಕೊಂಡುಬಿಡುವ ಕೆಲಸಗಾರರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಅವರು ಮೈಸೂರಿನ ದೇವರಾಜ ಮೊಹಲ್ಲಾದ ಪಿಕಪ್ ಸ್ಟ್ಯಾಂಡಿನಲ್ಲಿ ಲೋಡು ಕಟ್ಟುತ್ತಿದ್ದ ಮಹದೇವಪ್ಪ. ಬೀರು, ಮಂಚ, ಹೊಲಿಗೆ ಯಂತ್ರ ಎಲ್ಲವನ್ನೂ ಕಟ್ಟುತ್ತಿದ್ದರು. ಆದರೆ ಯಾರಾದರೂ ಮೋಟಾರ್ ಸೈಕಲ್ ತಂದು ನಿಲ್ಲಿಸಿದರೆ, ಹಗ್ಗ ಮುಟ್ಟುವ ಮೊದಲು ಹೀಗೆ ಹೇಳುತ್ತಿದ್ದರು:

"ಒಂದ್ ಮಾತು ಸಾ. ನಾನು ಒಂದ್ ಗಾಡಿ ಬೀಳಿಸಿದ್ದೀನಿ. ನಂಜನಗೂಡ್ ರಸ್ತೆ, ಬೆಳಗ್ಗೆ ಒಂಬತ್ತೂವರೆ. ಸೈಡ್ ಸ್ಟ್ಯಾಂಡ್ ಎತ್ತದೇ ಕಟ್ಬುಟ್ಟಿದ್ದೆ. ತಪ್ಪು ನಂದೇ. ಒಪ್ಗೆ ಇದ್ರೆ ಕಟ್ತೀನಿ, ಇಲ್ಲಾಂದ್ರೆ ಬುಡಿ."

ಸ್ಟ್ಯಾಂಡು ನಮ್ಮ ಪತ್ರಿಕಾ ಕಚೇರಿಯ ಎದುರಿಗಿತ್ತು. ತೊಂಬತ್ತರ ದಶಕದಲ್ಲಿ ನಾನು ಅಲ್ಲಿ ಉಪಸಂಪಾದಕ. ಟೀ ಕುಡಿಯಲು ಕೆಳಗಿಳಿದಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತಿತ್ತು. ಊರು, ಸಮಯ, ಕಾರಣ ಎಂದೂ ಬದಲಾಗುತ್ತಿರಲಿಲ್ಲ. ನಮ್ಮ ಪತ್ರಿಕೆ ತಪ್ಪು ಮಾಡಿದರೆ ಮರುದಿನ ಒಳಪುಟದ ಮೂಲೆಯಲ್ಲಿ ಒಂದು ತಿದ್ದುಪಡಿ ಹಾಕಿ ಸುಮ್ಮನಾಗುತ್ತಿತ್ತು. ಮಹದೇವಪ್ಪನವರು ಒಂದೇ ತಿದ್ದುಪಡಿಯನ್ನು ವರ್ಷಗಟ್ಟಲೆ ಪ್ರಕಟಿಸುತ್ತಿದ್ದರು.

ಚಾಲಕರಿಗೆ ಇದು ತಮಾಷೆ. "ಶುರುವಾಯ್ತು ಹರಿಕಥೆ! ಗಿರಾಕಿ ಓಡೋಯ್ತಾರೆ ಕಣಣ್ಣ," ಎಂದು ರೇಗಿಸುತ್ತಿದ್ದರು.

"ಓಡೋದ್ರೆ ಓಡೋಗ್ಲಿ ಬುಡ್ಲಾ. ನಾನ್ ಕಟ್ದೇ ಇರೋ ಗಾಡಿ ನನ್ನಿಂದ ಬೀಳಲ್ವಲ್ಲ," ಎಂಬುದು ಅವರ ಉತ್ತರ.

ಗಿಡ್ಡ ಆಳು. ಎಡ ಭುಜದ ಮೇಲೆ ಹಗ್ಗದ ಸುರುಳಿ, ಸೊಂಟದಲ್ಲಿ ಹಳೆಯ ಸೈಕಲ್ ಟ್ಯೂಬಿನ ತುಂಡುಗಳು. ಮನೆ ಕುಂಬಾರಕೊಪ್ಪಲಿನಲ್ಲಿ. ಹುಟ್ಟಿದ ಹಳ್ಳಿಯಲ್ಲಿ ಎತ್ತಿನ ಗಾಡಿಗೆ ಹುಲ್ಲು ಹೇರಿ ಕಟ್ಟುತ್ತಿದ್ದರಂತೆ. ಆ ಗಂಟನ್ನೇ ಇಲ್ಲಿಗೂ ತಂದಿದ್ದರು. ಎಷ್ಟು ಜಗ್ಗಿದರೂ ಸಡಿಲವಾಗದ, ಬಾಲ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುವ ಗಂಟು ಅದು.

ಅವರ ಕ್ರಮವನ್ನು ನೋಡಿ ನೋಡಿ ನನಗೆ ಬಾಯಿಪಾಠವಾಗಿತ್ತು. ಗಾಡಿಯನ್ನು ಹಲಗೆಯ ಮೇಲೆ ಹತ್ತಿಸಿ, ಮುಂದಿನ ಚಕ್ರವನ್ನು ಕ್ಯಾಬಿನ್ನಿಗೆ ಒತ್ತಿದ ಗೋಣಿಚೀಲಕ್ಕೆ ತಾಗಿಸಿ ನಿಲ್ಲಿಸುವುದು. ಮೊದಲನೇ ಗೇರಿಗೆ ಹಾಕಿ ಸೈಡ್ ಸ್ಟ್ಯಾಂಡ್ ಎತ್ತುವುದು. ಎತ್ತಿದ ಮೇಲೂ ಕಾಲಿನಿಂದ ಎರಡು ಸಲ ತಟ್ಟಿ ನೋಡುವುದು. ಹ್ಯಾಂಡಲ್ಲಿನ ತುದಿಗೆ ಎಂದೂ ಹಗ್ಗ ಹಾಕುತ್ತಿರಲಿಲ್ಲ. ಅದರ ಬುಡದಲ್ಲಿ, ಹಗ್ಗ ತಾಗುವ ಕಡೆ ಟ್ಯೂಬು ಸುತ್ತಿ, ಪಿಕಪ್ಪಿನ ಮುಂದಿನ ಎರಡು ಮೂಲೆಗಳಿಗೆ ಎಳೆದು ಕಟ್ಟುತ್ತಿದ್ದರು. ಹಿಂದೆಯೂ ಹಾಗೆಯೇ ಎರಡು ಹಗ್ಗ. ಕನ್ನಡಿಗಳನ್ನು ಸಡಿಲಿಸಿ ಒಳಕ್ಕೆ ತಿರುಗಿಸುವುದು ಕೊನೆಯ ಕೆಲಸ.

ಒಮ್ಮೆ ವರ್ಗವಾಗಿ ಹೊರಟಿದ್ದ ಕಾಲೇಜು ಮೇಷ್ಟ್ರೊಬ್ಬರು, "ಇನ್ನೂ ಬಿಗೀರಿ, ಶಾಕ್ ಅಬ್ಸಾರ್ಬರ್ ಪೂರ್ತಿ ಕೆಳಗೆ ಕೂರಲಿ," ಎಂದು ಹಟ ಹಿಡಿದರು.

"ಅರ್ಧ ಸಾಕು ಸಾ."

"ನಾನು ಹೇಳ್ತಿದೀನಲ್ರೀ. ನಾನು ಫಿಸಿಕ್ಸ್ ಹೇಳ್ಕೊಡೋನು."

"ನೀವು ಪಾಠ ಮಾಡೋವಾಗ ಯಾರಾರ ತಲೆ ಮೇಲ್ ಕೂತ್ಕಂಡ್ರೆ ಉಸ್ರಾಡೋಕಾಯ್ತದಾ ಸಾ? ಗುಂಡಿ ಬಂದಾಗ ಅದ್ಕೂ ಬಗ್ಗೋಕೆ ಜಾಗ ಬೇಕಲ್ಲ. ಪೂರ್ತಿ ಅದ್ಮಿದ್ರೆ ಸೀಲ್ ಒಡೆದು ಆಯಿಲ್ ಸೋರ್ತದೆ. ಸಡ್ಲ ಬುಟ್ರೆ ಕುಣಿದು ಕುಣಿದು ಹಗ್ಗ ಜಾರ್ತದೆ."

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಬಗ್ಗಿ ಶಾಕನ್ನು ನೋಡಿದರು.

ಇನ್ನೊಂದು ನೇಮವಿತ್ತು. ಕಟ್ಟಿದ ಗಾಡಿಯ ಜೊತೆ ಅವರೂ ಹಿಂದೆ ಕೂತು ಐದು ಕಿಲೋಮೀಟರು ಹೋಗುತ್ತಿದ್ದರು. ಅಲ್ಲಿ ಪಿಕಪ್ ನಿಲ್ಲಿಸಿ, ನಾಲ್ಕೂ ಹಗ್ಗಗಳನ್ನು ಬೆರಳಿನಿಂದ ಮೀಟಿ, ಸಡಿಲವಾದದ್ದನ್ನು ಬಿಗಿದು, ಇಳಿದು ಬಸ್ಸು ಹಿಡಿದು ವಾಪಸಾಗುತ್ತಿದ್ದರು. ಹೊಸದಾಗಿ ಬಿಗಿದ ಹಗ್ಗ ಮೊದಲ ಐದು ಕಿಲೋಮೀಟರು ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ನಂಜನಗೂಡು ರಸ್ತೆಯ ಘಟನೆಯಾದ ಮೇಲೆ ಇದನ್ನು ಒಂದು ದಿನವೂ ತಪ್ಪಿಸಿರಲಿಲ್ಲವೆಂದು ಚಾಲಕರೇ ಹೇಳುತ್ತಿದ್ದರು.

ನನ್ನ ತಮ್ಮ ಶಿವು ಮೂರು ದಿನದ ಜ್ವರದಲ್ಲಿ ತೀರಿಕೊಂಡ. ಮೂವತ್ತೊಂದು ವರ್ಷ. ಅಶೋಕಪುರಂನ ಬಾಡಿಗೆ ಮನೆ ಖಾಲಿ ಮಾಡಿ ಅವನ ಹೆಂಡತಿ ಸುಧಾ ಕೊಳ್ಳೇಗಾಲದ ತವರಿಗೆ ಹೋದಳು. ಅವನ ಮೋಟಾರ್ ಸೈಕಲ್ ನನ್ನ ಬಳಿಯೇ ಉಳಿಯಿತು. ತಿಂಗಳಾದ ಮೇಲೆ ಅವಳ ಫೋನು ಬಂತು.

"ಭಾವ, ಗಾಡಿ ಕಳಿಸಿಕೊಡಿ. ಓಡಿಸ್ಕೊಂಡು ಬರೋದು ಬೇಡ, ಯಾರೂ ಹತ್ತೋದು ಬೇಡ. ಕನ್ನಡಿ ಮಾತ್ರ ಮುಟ್ಟಬೇಡಿ. ಅವರು ಇಟ್ಟ ಹಾಗೇ ಬರಲಿ."

ಆಯಿತು ಎಂದೆ. ಆ ತಿಂಗಳು ನಾನು ಎಲ್ಲದಕ್ಕೂ ಆಯಿತು ಎನ್ನುತ್ತಿದ್ದೆ. ಶಿವುವಿನ ನಿಧನದ ಸುದ್ದಿಯನ್ನು ನಾನೇ ಬರೆದು, ಅಳತೆಗೆ ಸರಿಯಾಗಿ ಒಂದು ಸಾಲು ಕತ್ತರಿಸಿ ಪುಟಕ್ಕೆ ಕೊಟ್ಟಿದ್ದೆ.

ಬೆಳಗ್ಗೆ ಗಾಡಿಯನ್ನು ಸ್ಟ್ಯಾಂಡಿಗೆ ತಳ್ಳಿಕೊಂಡು ಬಂದು ಮಹದೇವಪ್ಪನವರಿಗೆ ವಿಷಯ ಹೇಳಿದೆ. ಯಾರೂ ಹತ್ತಬಾರದಂತೆ, ಕನ್ನಡಿ ತಿರುಗಿಸಬಾರದಂತೆ. ಅವರು ಒಂದು ಸುತ್ತು ಬಂದು ನೋಡಿದರು.

"ಕಟ್ಟೋವಾಗ ನಾನ್ ಒಂದ್ಸಲ ಮೇಲೆ ಕೂತು ಅದ್ಮಲೇಬೇಕು ಸಾ. ಆಯಮ್ಮಂಗೆ ನಾನೇ ಯೋಳ್ತೀನಿ. ಕನ್ನಡಿ ಮುಟ್ಟಲ್ಲ."

ಅಂದು ನಂಜನಗೂಡು ರಸ್ತೆಯ ಮಾತು ಬರಲಿಲ್ಲ. ಅವರು ಅದನ್ನು ಹೇಳದೆ ಹಗ್ಗ ಹಿಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸೀಟಿನ ಮೇಲೆ ಕೂತು ಭಾರ ಬಿಟ್ಟವರು ಬಲಗನ್ನಡಿಯತ್ತ ನೋಡಿ, "ತಮ್ಮನವ್ರು ಎತ್ರ ಅಲ್ವಾ ಸಾ? ನಂಗೆ ಬರೀ ಆಕಾಶ ಕಾಣ್ತದೆ," ಎಂದರು.

"ಹೌದು, ನನ್ನಷ್ಟೇ."

ನಾನು ಮುಂದೆ ಚಾಲಕನ ಪಕ್ಕ ಕೂತಿದ್ದೆ. ಐದು ಕಿಲೋಮೀಟರಿಗೆ ಪಿಕಪ್ ನಿಂತಿತು. ಹಗ್ಗ ಮೀಟಿದ ಸದ್ದು ಕೇಳಿಸಿತು. ಚಾಲಕ ಹೊರಗೆ ತಲೆ ಹಾಕಿ, "ಇಳ್ಕಳಣ್ಣ, ಬಸ್ ಬತ್ತಾ ಅದೆ," ಎಂದ.

"ನಾನೂ ಬತ್ತೀನಿ. ನಡಿ."

"ಕೊಳ್ಳೇಗಾಲಕ್ಕಾ? ಬಿಸ್ಲಲ್ಲಿ ಬೆಂದೋಯ್ತೀಯ ಕಣಣ್ಣ!"

"ನಿಂಗ್ಯಾಕ್ಲಾ, ಗುಂಡಿ ನೋಡ್ಕಂಡು ಓಡ್ಸು."

ಕ್ಯಾಬಿನ್ನಿನ ಹಿಂದಿನ ಗಾಜಿನಿಂದ ನನಗೆ ಅವರ ಕೈಗಳು ಕಾಣುತ್ತಿದ್ದವು. ಗುಂಡಿ ಬಂದಾಗಲೆಲ್ಲ ಎರಡು ಅಂಗೈಗಳು ಕನ್ನಡಿಗಳ ಪಕ್ಕಕ್ಕೆ ಏಳುತ್ತಿದ್ದವು. ಕನ್ನಡಿಗೆ ತಾಗುತ್ತಿರಲಿಲ್ಲ. ಉರಿಯುವ ದೀಪಕ್ಕೆ ಗಾಳಿ ಬೀಸಿದಾಗ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ಮೈಸೂರಿನಿಂದ ಕೊಳ್ಳೇಗಾಲದವರೆಗೂ ಅವು ಎದ್ದು ಇಳಿದವು.

ಇಳಿಸಿದ ಮೇಲೆ ಸುಧಾ ಗಾಡಿಯ ಬಳಿ ನಿಂತು ಎರಡೂ ಕನ್ನಡಿಗಳನ್ನು ನೋಡಿದಳು. ಮುಟ್ಟಲಿಲ್ಲ. "ಹಾಗೇ ಇದೆ," ಎಂದಳು.

ಮಹದೇವಪ್ಪನವರು ಹಗ್ಗ ಸುತ್ತುತ್ತ ಹೇಳಿದರು: "ನೀವು ಬೇಡ ಅಂದಿದ್ರಿ ಕಣಮ್ಮ, ಆದ್ರೂ ಕಟ್ಟೋವಾಗ ಒಂದ್ಗಳಿಗೆ ಮೇಲೆ ಕೂತಿದ್ದೆ. ಇನ್ನೊಂದ್ ಮಾತು. ನಾನು ಒಂದ್ ಗಾಡಿ ಬೀಳಿಸಿದ್ದೀನಿ. ನಂಜನಗೂಡ್ ರಸ್ತೆ, ಬೆಳಗ್ಗೆ ಒಂಬತ್ತೂವರೆ. ಬೆಳಗ್ಗೆ ಸಾಹೇಬ್ರಿಗೆ ಯೋಳೋಕೆ ಬಾಯ್ ಬರ್ಲಿಲ್ಲ."

ಸುಧಾ ಅವರನ್ನು ನೋಡಿ, "ಊಟ ಮಾಡ್ಕೊಂಡು ಹೋಗಿ," ಎಂದಳು.

ವಾಪಸು ಬರುವಾಗ ಮೂವರೂ ಮುಂದೆ ಕೂತೆವು.

ಎರಡು ಸಾವಿರದ ಇಸವಿಯ ನಂತರ ಕಚೇರಿ ಬೇರೆ ಕಡೆಗೆ ಹೋಯಿತು. ನನಗೆ ಹಾಸನಕ್ಕೆ ವರ್ಗವಾದಾಗ ನನ್ನ ಗಾಡಿ ಕಳಿಸಲು ಸ್ಟ್ಯಾಂಡಿಗೆ ಹೋದೆ. ಹೊಸಬನೊಬ್ಬ ಕಟ್ಟುತ್ತಿದ್ದ. ಮಹದೇವಪ್ಪನವರನ್ನು ಕೇಳಿದೆ.

"ಅವ್ರು ಹೋಗ್ಬುಟ್ರಲ್ಲ ಸಾ. ಎರಡು ವರ್ಷ ಆಯ್ತು."

ಅವರ ಬಗ್ಗೆ ನಾಲ್ಕು ಸಾಲು ಬರೆಯಬೇಕೆಂದುಕೊಂಡೆ. ವಯಸ್ಸು ಗೊತ್ತಿರಲಿಲ್ಲ, ಹುಟ್ಟಿದ ಹಳ್ಳಿಯ ಹೆಸರೂ ಗೊತ್ತಿರಲಿಲ್ಲ. ನನ್ನ ಬಳಿ ಖಚಿತವಾಗಿ ಇದ್ದದ್ದು ಅವರ ಒಂದು ತಪ್ಪಿನ ಸ್ಥಳ ಮತ್ತು ಸಮಯ.

ಹೊಸಬ ಬಿಗಿಯಲು ಹಲ್ಲುಚಕ್ರವಿದ್ದ ಬೆಲ್ಟುಗಳನ್ನು ಹಾಕಿ ಕಟಕಟ ಬಿಗಿದ. ಐದು ನಿಮಿಷದ ಕೆಲಸ. ಕನ್ನಡಿಗಳನ್ನು ಒಳಕ್ಕೆ ತಿರುಗಿಸಿದ. ಅವು ನನ್ನವು, ತಿರುಗಿಸಲಿ. ನಾನು ಹಿಂದೆ ಹತ್ತಿ, ಸೈಡ್ ಸ್ಟ್ಯಾಂಡನ್ನು ಕಾಲಿನಿಂದ ಎರಡು ಸಲ ತಟ್ಟಿ ನೋಡಿ, ಗಾಡಿಯ ಪಕ್ಕ ಕೂತೆ.

"ಮುಂದೆ ಬನ್ನಿ ಸಾ, ಸೀಟ್ ಖಾಲಿ ಅದೆ. ಬೆಲ್ಟು ಹಾಕಿವ್ನಿ, ಏನೂ ಆಗಲ್ಲ," ಎಂದ ಹೊಸಬ.

"ಐದು ಕಿಲೋಮೀಟರಿಗೆ ನಿಲ್ಲಿಸಲು ಹೇಳಿ. ಒಂದು ಗಾಡಿ ಬಿದ್ದಿದೆ," ಎಂದೆ.

"ಎಲ್ಲಿ ಸಾ? ಯಾವಾಗ?"

"ನಂಜನಗೂಡು ರಸ್ತೆ. ಬೆಳಗ್ಗೆ ಒಂಬತ್ತೂವರೆ."