ಗೋಧಿ ಮನೆ ಬಿಟ್ಟ ಹುಣ್ಣಿಮೆ

ಹಸಿವನ್ನು ಕೊಟ್ಟು, ಅದನ್ನು ತಣಿಸಲು ಅನ್ನವನ್ನೂ ಕೊಟ್ಟು, ಯಾವ ಅನ್ನ ಯಾರಿಗೆ ಸಲ್ಲುತ್ತದೆ ಎಂಬ ತಿಳಿವನ್ನು ಮಾತ್ರ ಬಹಳ ತಡವಾಗಿ ದಯಪಾಲಿಸಿದ ಭಗವಂತನಿಗೆ ಮೊದಲ ನಮಸ್ಕಾರ. ನನಗಾಗಿ ಒಲೆಯ ಮುಂದೆ ಕುಳಿತ ಕೈಗಳಿಗೆ ಎರಡನೆಯದು. ಈ ಎರಡು ಋಣಗಳನ್ನು ಸ್ಮರಿಸದೆ ನನ್ನ ಕಾಯಿಲೆಯ ಮಾತನ್ನು ಎತ್ತುವುದು ಉಚಿತವಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಹೊಳೆನರಸೀಪುರದ ಪ್ರೌಢಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದೆ. ಮನೆಯಲ್ಲಿ ತಾಯಿ, ಹೆಂಡತಿ, ನಾನು, ಮೂವರೇ. ತಂದೆಯವರು ತೀರಿಕೊಂಡ ಮೇಲೆ ಅವರು ನಡೆಸುತ್ತಿದ್ದ ವ್ರತಗಳು ನನ್ನ ಪಾಲಿಗೆ ಬಂದವು. ನಮ್ಮಲ್ಲಿ ವ್ರತದ ದಿನ ರಾತ್ರಿ ಅನ್ನ ಉಣ್ಣುವುದಿಲ್ಲ. ಗೋಧಿ ರವೆಯ ಉಪ್ಪಿಟ್ಟನ್ನೋ ಚಪಾತಿಯನ್ನೋ ತಿನ್ನುತ್ತಾರೆ. ಅದಕ್ಕೆ ಫಲಾಹಾರವೆಂದೇ ಹೆಸರು. ಬಾಲ್ಯದಲ್ಲಿ ಹಬ್ಬಕ್ಕಷ್ಟೇ ಕಂಡಿದ್ದ ಗೋಧಿ ಹೀಗೆ ವಾರಕ್ಕೆರಡು ಸಲ ನನ್ನ ಎಲೆಗೆ ಬರತೊಡಗಿತು.

ಎರಡು ವರ್ಷದೊಳಗೆ ನಾನು ಸೊರಗಿದೆ. ಹೊಟ್ಟೆ ಉಬ್ಬರ, ತಿಂಗಳುಗಟ್ಟಲೆ ನಿಲ್ಲದ ಭೇದಿ, ಬಾಯಲ್ಲಿ ಹುಣ್ಣು. ಇವೆಲ್ಲಕ್ಕಿಂತ ಹೆಚ್ಚಾಗಿ ಆಯಾಸ. ಒಂದು ಶ್ಲೋಕವನ್ನು ಬಿಡಿಸಿ ಹೇಳುವಷ್ಟರಲ್ಲಿ ಕುರ್ಚಿ ಬೇಕಾಗುತ್ತಿತ್ತು. ಊರಿನ ಪಂಡಿತರು ನಾಡಿ ನೋಡಿ, ಅನ್ನ ಶೀತ, ಅದನ್ನು ಕಡಿಮೆ ಮಾಡಿ ಗೋಧಿಯ ಗಂಜಿ ಕುಡಿಯಿರಿ, ಬಲ ಬರುತ್ತದೆ ಎಂದರು. ಬಲ ಬರಲಿಲ್ಲ. ನನ್ನ ತಾಯಿ ದೇವರ ಮೊರೆ ಹೊಕ್ಕು, ಮಗ ಚೇತರಿಸಿಕೊಳ್ಳುವವರೆಗೂ ಪ್ರತಿ ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ ಮಾಡಿಸುವೆನೆಂದು ಹರಕೆ ಹೊತ್ತರು. ಆ ಪೂಜೆಯ ಪ್ರಸಾದ ಗೋಧಿ ರವೆಯದು. ಹಾಲು, ಸಕ್ಕರೆ, ತುಪ್ಪ, ಬಾಳೆಹಣ್ಣು ಬೆರೆಸಿ ತಾಯಿ ಸ್ವತಃ ಹುರಿದು ಕಲಸುತ್ತಿದ್ದರು. ಕಾಯಿಲೆಯವನಿಗೆಂದು ನನಗೆ ಎರಡು ಹಿಡಿ ಹೆಚ್ಚು.

ಒಂದು ಬೇಸಿಗೆಯ ರಜೆಯಲ್ಲಿ ಅರಕಲಗೂಡಿನ ಅಕ್ಕನ ಮನೆಗೆ ಹೋದೆ. ನನ್ನನ್ನು ಕಂಡು ಅಕ್ಕ ಅತ್ತೇಬಿಟ್ಟಳು. "ಇಂಥಾ ಮೈಯಿಟ್ಕೊಂಡು ವ್ರತವೇನೋ ನಿಂಗೆ? ದೇವರೇನು ನಿನ್ನ ಎಲುಬು ಎಣಿಸ್ತಾ ಕೂತಿದಾನಾ? ಎರಡು ಹೊತ್ತೂ ಅನ್ನ ಸಾರು ಉಣ್ಣು, ಸಾಕು" ಎಂದು ಗದರಿದಳು. ಹಿರಿಯಳ ಮಾತು, ಮೀರಲಿಲ್ಲ. ಆರು ವಾರ ಅನ್ನ, ರಾಗಿಮುದ್ದೆಯಲ್ಲೇ ಕಳೆದೆ. ಭೇದಿ ನಿಂತಿತು. ಕೆನ್ನೆಗೆ ಸ್ವಲ್ಪ ಮಾಂಸ ಬಂತು.

ಊರಿಗೆ ಮರಳಿದ ನನ್ನನ್ನು ನೋಡಿ ತಾಯಿ ಕ್ಷಣವೂ ಯೋಚಿಸದೆ ಹೇಳಿದರು: "ಅಲ್ಲಿಯ ನೀರು ಕಣೋ!" ನಾನೂ ಹಾಗೆಯೇ ನಂಬಿದೆ. ನಮ್ಮ ಸೀಮೆಯಲ್ಲಿ ಕಾರಣ ತಿಳಿಯದ ಕಾಯಿಲೆಯೆಲ್ಲ ನೀರಿನ ದೋಷವೇ. ಅಂದಿನಿಂದ ಅಕ್ಕನ ಮನೆಯ ಬಾವಿಯ ನೀರು ಹಿತ್ತಾಳೆ ಬಿಂದಿಗೆಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು, ವಾರಕ್ಕೊಮ್ಮೆ ಬಸ್ಸಿನಲ್ಲಿ ಬರತೊಡಗಿತು. ಕಂಡಕ್ಟರು ಅದನ್ನು ನನ್ನ ಕೈಗೆ ಕೊಡುವಾಗಲೊಮ್ಮೆ ತಡೆಯಲಾರದೆ ಕೇಳಿದ: "ಏನ್ ಸಾ, ಒಳೆ ದಂಡೇಲಿ ಮನೆ ಮಾಡ್ಕಂಡು ಅರಕಲಗೂಡಿಂದ ಬಾವಿ ನೀರ್ ತರ್ಸ್ತೀರಲ್ಲಾ, ಕೇಳ್ದೋರು ನಗಾಕಿಲ್ವಾ?" ನಗುತ್ತಿದ್ದರು. ನಾನು ಆ ನೀರಿನಲ್ಲೇ ಗೋಧಿಯ ಗಂಜಿ ಮಾಡಿಸಿ ಕುಡಿದು ಮತ್ತೆ ಹಾಸಿಗೆ ಹಿಡಿದೆ.

ಆಹಾರದ ಮೇಲೆ ಅನುಮಾನ ಬರಲಿಲ್ಲವೆಂದಲ್ಲ. ನಮ್ಮ ಶಾಲೆಯ ಗಣಿತದ ಮೇಷ್ಟರು ಚನ್ನರಾಯಪಟ್ಟಣದ ಕಡೆಯ ಜೈನರು, ನನ್ನ ಆಪ್ತರು. ಅವರಿಗೆ ಕಡಲೆಕಾಯಿ ಆಗದು. ಒಂದು ಬೀಜ ಬಾಯಿಗೆ ಬಿದ್ದರೂ ಗಳಿಗೆಯೊಳಗೆ ಮೈಯೆಲ್ಲ ಪಿತ್ತಗಂಧೆ ಎದ್ದು, ತುಟಿ ಊದಿ, ಉಸಿರಿಗೆ ಕಷ್ಟವಾಗುತ್ತಿತ್ತು. "ತಿಂದದ್ದು ಆಗಲ್ಲ ಅಂದ್ರೆ ಮೈಯೇ ಹೇಳತ್ತೆ ಸ್ವಾಮಿ. ಒಂದೊಂದೇ ತಿಂದು ಗಡಿಯಾರ ನೋಡ್ತಾ ಕೂತ್ಕೊಳಿ" ಎಂದು ಅವರೇ ಪರೀಕ್ಷೆಯ ಕ್ರಮ ಹೇಳಿಕೊಟ್ಟರು. ಬದನೆ, ಹಾಲು, ಬೇಳೆ, ಗೋಧಿ, ಎಲ್ಲವನ್ನೂ ಬೇರೆ ಬೇರೆ ದಿನ ತಿಂದು ಒಂದೊಂದು ಗಂಟೆ ಕಾದೆ. ಚಪಾತಿ ತಿಂದ ದಿನ ಒಂದು ದದ್ದೂ ಏಳಲಿಲ್ಲ. ಗೋಧಿ ನಿರ್ದೋಷಿ ಎಂದು ಇಬ್ಬರೂ ತೀರ್ಮಾನಿಸಿದೆವು. ಗಣಿತಜ್ಞರೊಬ್ಬರು, ತರ್ಕ ಓದಿದವನೊಬ್ಬ.

ಅರವತ್ತರ ದಶಕದ ನಡುವೆ ಹಾಸನಕ್ಕೆ, ಹೊರದೇಶದಲ್ಲಿ ಓದಿ ಬಂದ ತರುಣ ವೈದ್ಯರೊಬ್ಬರು ಬಂದರು. ಹೆಂಡತಿ ಹಠ ಹಿಡಿದು ನನ್ನನ್ನು ಅಲ್ಲಿಗೆ ಕರೆದೊಯ್ದಳು. ಅವರು ಹೊಟ್ಟೆ ಮುಟ್ಟುವುದಕ್ಕೆ ಮೊದಲು ಆರು ವರ್ಷದ ಕಥೆಯನ್ನೆಲ್ಲ ಕೇಳಿದರು. ಬಿಂದಿಗೆಯ ಪ್ರಸಂಗಕ್ಕೆ ಮುಗುಳ್ನಕ್ಕು, "ಅರಕಲಗೂಡಿನಲ್ಲಿ ಏನು ಕುಡಿದ್ರಿ ಅಂತ ಎಲ್ಲರೂ ಕೇಳಿದಾರೆ ಮೇಷ್ಟ್ರೇ. ಏನು ತಿನ್ನಲಿಲ್ಲ ಅಂತ ಯಾರೂ ಕೇಳ್ಲಿಲ್ಲ" ಎಂದರು.

ಹೆಂಡತಿ ತಟ್ಟನೆ, "ಗೋಧಿ" ಎಂದಳು.

ಆಮೇಲೆ ಅವರು ತಾಳ್ಮೆಯಿಂದ ವಿವರಿಸಿದರು. ಗಣಿತದ ಮೇಷ್ಟರದು ಅಲರ್ಜಿ. ಮೈ ಆ ಪದಾರ್ಥವನ್ನು ಶತ್ರುವೆಂದು ಬಗೆದು ಆಗಿಂದಾಗಲೇ ಕಾದಾಡುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಬರುತ್ತದೆ. ಹಾಲು ಅರಗದೆ ಹೊಟ್ಟೆ ಉಬ್ಬುವವರದು ಬರಿಯ ಒಗ್ಗದಿರುವಿಕೆ; ತೊಂದರೆಯುಂಟು, ಆದರೆ ಒಳಗೆ ಗಾಯವಾಗುವುದಿಲ್ಲ. ನನ್ನದು ಎರಡೂ ಅಲ್ಲ. ಗೋಧಿಯ ಜಿಗುಟಿನ ಅಂಶ ನನ್ನ ಕರುಳಿನ ಒಳಪದರವನ್ನು ಸದ್ದಿಲ್ಲದೆ ಸವೆಸುತ್ತಿದೆ. ಉಂಡ ಅನ್ನವೂ ಮೈಗೆ ಹತ್ತದಿರುವುದು ಅದರಿಂದಲೇ. ಹೀಗೇಕೆಂದು ತಮಗೂ ಪೂರ್ತಿ ತಿಳಿಯದೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಮೈಯ ಕಾವಲೇ ಗೋಧಿಯ ದೆಸೆಯಿಂದ ತನ್ನ ಕರುಳಿನ ಮೇಲೆ ತಿರುಗಿಬೀಳುತ್ತದೆಂದು ಬಹುಕಾಲದ ಮೇಲೆ ಬೇರೆ ವೈದ್ಯರಿಂದ ಕೇಳಿದೆ. ಔಷಧವಿಲ್ಲ. ಗೋಧಿ, ಜವೆಗೋಧಿಗಳನ್ನು ಜೀವಮಾನವಿಡೀ ಬಿಡಬೇಕು. ಅಕ್ಕಿ, ರಾಗಿಗೆ ಅಡ್ಡಿಯಿಲ್ಲ.

"ಪ್ರಸಾದ? ಒಂದು ಚಿಟಿಕೆ?" ಎಂದು ಕೇಳಿದೆ.

"ಚಿಟಿಕೆಯೂ ಬೇಡ. ಕರುಳಿಗೆ ಪ್ರಸಾದ, ಉಪ್ಪಿಟ್ಟು ಅನ್ನೋ ಭೇದ ಗೊತ್ತಾಗಲ್ಲ."

ಮನೆಗೆ ಬಂದು, ತಾಯಿಗೆ ಏನೂ ಹೇಳಕೂಡದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡೆ. ಪ್ರಸಾದವನ್ನು ತಿರಸ್ಕರಿಸಿದವನ ಗತಿಯೇನೆಂದು ಪ್ರತಿ ಹುಣ್ಣಿಮೆಯೂ ಕಥೆಯಲ್ಲಿ ಕೇಳಿದವನು ನಾನು. ಆ ಭಯ ಒಂದಾದರೆ, ನೀವು ಹರಸಿ ಉಣಿಸಿದ್ದೇ ನನ್ನನ್ನು ಸವೆಸಿತು ಎಂದು ತಾಯಿಗೆ ಹೇಳುವುದು ಅದಕ್ಕಿಂತ ಕಠಿಣವಾಗಿತ್ತು. ಬಂದ ಹುಣ್ಣಿಮೆಗೆ ಎರಡು ಹಿಡಿಯನ್ನೂ ಕಣ್ಣಿಗೊತ್ತಿಕೊಂಡು ತಿಂದೆ. ಹದಿನೈದು ದಿನ ಏಳಲಿಲ್ಲ. ಹೆಂಡತಿ ಮಾತು ಮುರಿದಳು. "ಅತ್ತೆ, ಇವರು ನಿಮಗೆ ಹೇಳೋದಕ್ಕೆ ಹೆದರಿ ಸಾಯ್ತಿದಾರೆ" ಎಂದು ಎಲ್ಲವನ್ನೂ ಹೇಳಿಬಿಟ್ಟಳು.

ತಾಯಿ ನನ್ನ ಹಾಸಿಗೆಯ ಪಕ್ಕ ಬಂದು ಕುಳಿತರು. "ಹಾಗಾದ್ರೆ ನಾನೇ ಉಣಿಸಿದ್ದೇನೋ?" ಎಂದು ಕೇಳಿದರು. ಅದನ್ನು ಎರಡನೆಯ ಸಲ ಕೇಳಲಿಲ್ಲ. ನನ್ನ ಹೊದಿಕೆಯನ್ನು ಸರಿಪಡಿಸಿ, "ನೀನು ಓದಿದೋನು. ಪೂಜೆಯ ವಿಧಿಯಲ್ಲಿ ಬೇರೆ ದಾರಿ ಇಲ್ವಾ?" ಎಂದರು.

"ಗೋಧಿ ಇಲ್ಲದ ಕಡೆ ಅಕ್ಕಿಹಿಟ್ಟೂ ಆಗುತ್ತೆ ಅಂತ ಇದೆಯಮ್ಮ."

"ನಮ್ಮನೇಲಿ ಇದೆಯಲ್ಲೋ, ಡಬ್ಬದ ತುಂಬ! ಇಟ್ಕೊಂಡು ಇಲ್ಲ ಅಂತ ದೇವರ ಮುಂದೆ ಸುಳ್ಳು ಹೇಳಲಾ?"

ಮರುದಿನ ಬೆಳಿಗ್ಗೆ ಮಡಿಯುಟ್ಟು, ಗೋಧಿಯ ಡಬ್ಬ, ರವೆ, ಶ್ಯಾವಿಗೆ, ಮೈದಾಹಿಟ್ಟುಗಳನ್ನೆಲ್ಲ ಎರಡು ಬಾರಿ ಹೊತ್ತು ಪಕ್ಕದ ಮನೆಗೆ ಕೊಟ್ಟು ಬಂದರು. ಬೀಸುವ ಕಲ್ಲನ್ನು ಮೂರು ಸಲ ತೊಳೆದು ಬಿಸಿಲಿಗಿಟ್ಟರು. "ಈಗ ಇಲ್ಲ. ಇನ್ನು ಈ ಹೊಸಲು ದಾಟಿ ಬರೋದೂ ಇಲ್ಲ" ಎಂದರು. ಮುಂದಿನ ಹುಣ್ಣಿಮೆಯ ಪ್ರಸಾದ ಅಕ್ಕಿಹಿಟ್ಟಿನದು. ನನ್ನ ಅಂಗೈಗೆ ಅವರೇ ಎರಡು ಹಿಡಿ ಹಾಕಿದರು.

ಚೇತರಿಕೆಗೆ ವರ್ಷದ ಮೇಲಾಯಿತು. ಆಯಾಸ ಪೂರ್ತಿ ಹೋಯಿತೆಂದು ಹೇಳಲಾರೆ. ಅದು ಮೈಯಿಂದ ನಾಲಗೆಗೆ ಬಂದು ಕುಳಿತಿತು. ಯಾವ ಮದುವೆಗೆ ಹೋದರೂ ಅದೇ ಸಂವಾದ. "ಒಂದು ಹೋಳಿಗೆಗೆ ಏನಾಗತ್ತೆ ಮೇಷ್ಟ್ರೇ? ದದ್ದು ಏಳತ್ತಾ?" ಇಲ್ಲ. "ವಾಂತಿ?" ಇಲ್ಲ. "ಮತ್ತೆ ಹಾಕಿಸ್ಕೊಳಿ!" ಕಣ್ಣಿಗೆ ಕಾಣದ ಗಾಯವನ್ನು ಪಂಕ್ತಿಯಲ್ಲಿ ಕುಳಿತು ಎಷ್ಟು ಜನಕ್ಕೆ ತೋರಿಸಲಿ? ಕಡೆಕಡೆಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸುಮ್ಮನಿರುವುದನ್ನು ಕಲಿತೆ.

ನನ್ನ ತಾಯಿ ತಮ್ಮ ಹೊಸಲಿನ ಮಾತನ್ನು ತಪ್ಪಲಿಲ್ಲ. ಅವರ ಫಲಾಹಾರಕ್ಕೆ ಮಾತ್ರ ಬೇರೆಯಾಗಿ ಚಪಾತಿ ತರಿಸುವೆನೆಂದು ಎಷ್ಟೋ ಬಾರಿ ಬೇಡಿಕೊಂಡೆ. "ನಂಗೂ ಆಗಲ್ಲ ಬಿಡೋ" ಎಂದು, ಕಡೆಯವರೆಗೂ ಏಕಾದಶಿಗಳನ್ನು ಒಂದು ಲೋಟ ಹಾಲು, ಎರಡು ಬಾಳೆಹಣ್ಣಿನಲ್ಲಿ ಕಳೆದರು. ಅವರಿಗೆ ಗೋಧಿಯಿಂದ ಯಾವ ತೊಂದರೆಯೂ ಇರಲಿಲ್ಲ.

ಗದರಿ ಉಣಿಸಿದವರಿಗೆ, ತಪ್ಪು ಲೆಕ್ಕ ಹೇಳಿದರೂ ಜೊತೆಯಲ್ಲಿ ಕಾದು ಕುಳಿತವರಿಗೆ, ನೀರು ಹೊತ್ತು ತಂದು ನಕ್ಕವರಿಗೆ, ಸರಿಯಾದ ಪ್ರಶ್ನೆ ಕೇಳಿದವರಿಗೆ, ನನ್ನ ಪ್ರಾಣಕ್ಕಾಗಿ ಮಾತು ಮುರಿದವಳಿಗೆ, ಇಹದಲ್ಲಿರಲಿ ಪರದಲ್ಲಿರಲಿ, ಉಂಡದ್ದು ಮೈಗೆ ಹತ್ತಲಿ, ಅವರೆಲ್ಲರಿಗೂ ಮಂಗಳವಾಗಲಿ.