ಪದ್ಮಾ ಆಂಟಿ ಹೇಳಿದ ‘ಎಲ್ಲಾ ಚೆನ್ನಾಗಿದೆ’

ಮೊನ್ನೆ ಗ್ಲೆಂಡೇಲ್ ಹೈಟ್ಸ್‌ನ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತ ನಿಂತಿದ್ದೆ. ಮುರಿಯಬೇಡಿ ಎಂದು ಅಲ್ಲೇ ಬೋರ್ಡು ಹಾಕಿದ್ದಾರೆ. ನನಗೆ ಓದಲು ಬರುತ್ತದೆ, ಆದರೆ ಕೈ ಮಾತು ಕೇಳುವುದಿಲ್ಲ. ಅಷ್ಟರಲ್ಲಿ ಯಾರೋ ನೆಲ ಒರೆಸುತ್ತ ಬಂದರು. ನಿಂಬೆಹಣ್ಣಿನ ಹೆಸರು ಹೇಳಿಕೊಂಡು ಮಾರುತ್ತಾರಲ್ಲ, ಆ ದ್ರಾವಣದ ವಾಸನೆ ಮೂಗಿಗೆ ಬಡಿಯಿತು. ಬೆಂಡೆಕಾಯಿ ಅಲ್ಲೇ ಬಿಟ್ಟೆ. ಪದ್ಮಾ ಆಂಟಿ ಒಂದು ಚಳಿಗಾಲವಿಡೀ ಇದ್ದ ನರ್ಸಿಂಗ್ ಹೋಮಿನ ಕಾರಿಡಾರ್ ಇದೇ ವಾಸನೆ ಹೊಡೆಯುತ್ತಿತ್ತು.

ಪದ್ಮಾ ಆಂಟಿ ನನಗೆ ನೆಂಟರೇನಲ್ಲ. ನಾನು ಈ ದೇಶಕ್ಕೆ, ಲೊಂಬಾರ್ಡಿನ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದಾಗ ಹೈವೇಯಲ್ಲಿ ಡ್ರೈವ್ ಮಾಡುವುದನ್ನು ಕಲಿಸಿದವರು. ನಾನು ಸ್ಟೀರಿಂಗ್ ಹಿಡಿದು ಅಳುತ್ತಿದ್ದರೆ ಪಕ್ಕದಲ್ಲಿ ಕೂತು, “ಎಕ್ಸಿಟ್ ತಪ್ಪಿದ್ರೆ ತಪ್ಪಲಿ, ಮುಂದೆ ಇನ್ನೊಂದು ಬರುತ್ತೆ. ಮೊದ್ಲು ಕಣ್ಣು ಒರೆಸ್ಕೋ, ರೋಡು ಕಾಣಲ್ಲ” ಎನ್ನುತ್ತಿದ್ದರು. ಮೈಸೂರಿನವರು. ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾಗಿದ್ದರು. ಅಂಕಲ್ ತೀರಿಕೊಂಡಿದ್ದರು. ಮಗ ನವೀನ್ ಆಬರ್ನ್ ಹಿಲ್ಸ್‌ನಲ್ಲಿ ಕಾರು ಕಂಪನಿಯ ಇಂಜಿನಿಯರ್. ಶನಿವಾರ ಅರ್ಧ ದಿನ ಡ್ರೈವ್ ಮಾಡಿ ಬಂದು ಭಾನುವಾರ ವಾಪಸು ಹೋಗುತ್ತಿದ್ದ. ಮನೆಯೆದುರಿನ ಡ್ರೈವ್‌ವೇಯ ಮಂಜುಗಡ್ಡೆಯ ಮೇಲೆ ಜಾರಿ ಆಂಟಿಯ ಸೊಂಟದ ಮೂಳೆ ಮುರಿದಾಗ, ಆಸ್ಪತ್ರೆಯವರು ಆಪರೇಷನ್ ಮಾಡಿ, ನಡೆಯುವಂತಾಗುವವರೆಗೆ ಅಲ್ಲಿರಲಿ ಎಂದು, ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ನರ್ಸಿಂಗ್ ಹೋಮಿಗೆ ಕಳಿಸಿದರು.

ಪಕ್ಕದ ಹಾಸಿಗೆಯಲ್ಲಿ ಡೊರೊಥಿ ಎಂಬ ಮುದುಕಿ. ಸ್ಟ್ರೋಕ್ ಹೊಡೆದು ಮಾತು ನಿಂತುಹೋಗಿತ್ತು, ಒಂದು ಕೈ ಬಿದ್ದುಹೋಗಿತ್ತು. ಆಂಟಿ ಆಕೆಯ ಜೊತೆ ಅಚ್ಚ ಕನ್ನಡದಲ್ಲೇ ಹರಟುತ್ತಿದ್ದರು. “ಇಂಗ್ಲಿಷ್‌ನಲ್ಲಿ ಹೇಳಿದ್ರೂ ಅವಳು ತಿರುಗಿ ಮಾತಾಡಲ್ವಲ್ಲ, ನಾನ್ಯಾಕೆ ಕಷ್ಟಪಡ್ಲಿ” ಎನ್ನುವುದು ಅವರ ಲೆಕ್ಕ. ಡೊರೊಥಿ ನಗುತ್ತ ಕೇಳುತ್ತಿದ್ದರು. ಆಕೆಗೆ ಏನಾದರೂ ಬೇಕಾದರೆ ಬೆಲ್ ಒತ್ತುವುದು ಆಂಟಿಯ ಕೆಲಸವಾಯಿತು.

ಬೆಲ್ ಒತ್ತಿದರೆ ಬಾಗಿಲ ಮೇಲೆ ದೀಪ ಹತ್ತಿ, ನರ್ಸುಗಳ ಮೇಜಿನ ಹತ್ತಿರ ಶಬ್ದವಾಗಬೇಕು. ಆ ಶಬ್ದವನ್ನು ಅಡ್ಮಿನಿಸ್ಟ್ರೇಟರ್ ತೆಗೆಸಿಬಿಟ್ಟಿದ್ದ. “ಅಪ್ಪ ಅಮ್ಮನ್ನ ಇಲ್ಲಿ ಸೇರ್ಸೋಣ ಅಂತ ಜಾಗ ನೋಡೋಕೆ ಬರೋರಿಗೆ ಗಲಾಟೆ ಅನ್ಸುತ್ತಂತೆ ಕಣೆ,” ಎಂದು ಆಂಟಿ ನನ್ನ ಹತ್ತಿರ ಗೊಣಗುತ್ತಿದ್ದರು. “ದೀಪ ಹತ್ತುತ್ತೆ, ಯಾರೂ ತಲೆ ಎತ್ತಿ ನೋಡಲ್ಲ. ವೀಕೆಂಡಲ್ಲಂತೂ ಇರೋದೇ ಒಬ್ಬಳು ಹುಡುಗಿ. ಪಾಪ, ಡೊರೊಥಿ ಒದ್ದೆಯಲ್ಲೇ ಮಲಗಿರ್ತಾಳೆ.” ನವೀನನಿಗೂ ಫೋನಿನಲ್ಲಿ ಇದನ್ನೇ ಹೇಳಿದರು. ಅವನ ಪಿತ್ತ ನೆತ್ತಿಗೇರಿತು.

ಈ ದೇಶದಲ್ಲಿ ಕೂದಲು ಕತ್ತರಿಸುವವರಿಗೂ ಲೈಸೆನ್ಸ್ ಇರುತ್ತದೆ. ನರ್ಸಿಂಗ್ ಹೋಮ್ ನಡೆಸುವ ಅಡ್ಮಿನಿಸ್ಟ್ರೇಟರಿಗೂ ಇರುತ್ತದೆ ಎಂದು ಅವತ್ತೇ ನನಗೆ ಗೊತ್ತಾಗಿದ್ದು. ಕಟ್ಟಡದ ಮೇಲೆ, ಊಟದ ಮೇಲೆ ದೂರು ಕೊಡುವ ಇಲಾಖೆಯೇ ಬೇರೆ. ಆ ಮನುಷ್ಯನ ಲೈಸೆನ್ಸಿನ ಮೇಲೆ ದೂರು ಕೊಡುವ ಇಲಾಖೆಯೇ ಬೇರೆ. ನವೀನ್ ಅಲ್ಲಿಂದ, ನಾನು ಇಲ್ಲಿಂದ, ಫೋನಿನಲ್ಲಿ ಒಬ್ಬರಿಗೊಬ್ಬರು ಓದಿ ಹೇಳಿಕೊಂಡು ದೂರು ಬರೆದೆವು. ಕೆಲವು ವಾರಗಳ ನಂತರ ಇಲಾಖೆಯಿಂದ ವಿಚಾರಣೆಗೆ ಒಬ್ಬ ಹೆಂಗಸು ಬರುವುದು ಗೊತ್ತಾಯಿತು.

ಇಲ್ಲಿ ಸ್ವಲ್ಪ ನಿಲ್ಲಿ, ನಮ್ಮವರ ಒಂದು ಗುಣ ಹೇಳಬೇಕು. ಮದುವೆಮನೆಯ ಸಾರು ಸಪ್ಪೆಯಾಗಿತ್ತು ಎಂದು ನಾವು ವರ್ಷಗಟ್ಟಲೆ ಆಡಿಕೊಳ್ಳುತ್ತೇವೆ. ಅಡುಗೆಯವರು ಎದುರು ಬಂದು ಕೇಳಿದರೆ ಮಾತ್ರ, “ಅಯ್ಯೋ, ಬಹಳ ಚೆನ್ನಾಗಿತ್ತು”. ನಾನೇನು ಕಮ್ಮಿಯಿಲ್ಲ. ಹೋಟೆಲಿನಲ್ಲಿ ತಣ್ಣಗಾದ ದೋಸೆ ಅಗಿಯುತ್ತ ಗಂಡನ ತಲೆ ತಿನ್ನುವವಳು, ವೇಟರ್ ಬಂದು ಕೇಳಿದರೆ ಬಾಯಿ ತುಂಬ “ಗ್ರೇಟ್” ಎನ್ನುತ್ತೇನೆ.

ವಿಚಾರಣೆಯ ದಿನ ಆಂಟಿ ತಲೆ ಬಾಚಿಸಿಕೊಂಡು, ಒಳ್ಳೆಯ ಶಾಲು ಹೊದ್ದು ಕೂತಿದ್ದರು. ನನಗೆ ಹೇಳಿ ಮನೆಯಿಂದ ಚಕ್ಕುಲಿ ತರಿಸಿದ್ದರು. ಇಲಾಖೆಯ ಹೆಂಗಸು ವಿನಯವಾಗಿಯೇ, ತೆಗೆದುಕೊಳ್ಳುವ ಹಾಗಿಲ್ಲ ಎಂದಳು. ಬಂದವರು ಏನೂ ಮುಟ್ಟಲಿಲ್ಲವಲ್ಲ ಎಂದು ಆಂಟಿಯ ಮುಖ ಸಣ್ಣದಾಯಿತು. ಮೊದಲು ಆಕೆ ಡೊರೊಥಿಯನ್ನು ಕೇಳಿದಳು. ಡೊರೊಥಿಯ ತುಟಿ ಅಲುಗಿತು, ಮಾತು ಬರಲಿಲ್ಲ. ಆಮೇಲೆ ಆಂಟಿಯ ಕಡೆ ತಿರುಗಿ, ಬೆಲ್ ಒತ್ತಿದರೆ ಯಾರಾದರೂ ಬರುತ್ತಾರಾ ಎಂದಳು.

“ಓ, ವೆರಿ ನೈಸ್ ಪೀಪಲ್,” ಎಂದರು ಆಂಟಿ. “ಎವ್ರಿಥಿಂಗ್ ಈಸ್ ಫೈನ್.”

ಆಕೆ ಇನ್ನೊಂದು ರೀತಿಯಲ್ಲಿ ಕೇಳಿದಳು. ಆಂಟಿ ಇನ್ನಷ್ಟು ಹೊಗಳಿದರು. ಅಡ್ಮಿನಿಸ್ಟ್ರೇಟರ್ ದಿನವೂ ಕೈಮುಗಿದು ನಮಸ್ತೇ ಹೇಳುತ್ತಾನೆ, ಸಂಸ್ಕಾರವಂತ ಎಂದರು. “ಆಂಟಿ, ಬೆಲ್ ವಿಷಯ…” ಎಂದು ನಾನು ಬಾಯಿ ಹಾಕಿದರೆ, ಶಾಲಿನ ಮರೆಯಲ್ಲಿ ನನ್ನ ಕೈ ಅದುಮಿ “ನೀನು ಸುಮ್ನಿರು” ಎಂದರು. ಪಕ್ಕದ ಹಾಸಿಗೆಯಿಂದ ಡೊರೊಥಿ ನಮ್ಮನ್ನೇ ನೋಡುತ್ತಿದ್ದರು.

ಇಲಾಖೆಯ ಹೆಂಗಸು ಹೋದಮೇಲೆ, ಯಾಕೆ ಹೀಗೆ ಮಾಡಿದಿರಿ ಎಂದು ಆಂಟಿಯನ್ನು ಕೇಳಿದೆ.

“ಅವನಿಗೂ ಹೆಂಡ್ತಿ ಮಕ್ಕಳಿದಾರೆ ಕಣೆ. ಫೋಟೋ ತೋರ್ಸಿದಾನೆ ನಂಗೆ. ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕೋದಾ? ನಾನು ಹೇಗೂ ಮನೆಗೆ ಹೋಗೋಳು.”

ಸಂಜೆ ಫೋನಿನಲ್ಲಿ ನವೀನ್, “ಅಮ್ಮಾ, ದಿಸ್ ಈಸ್ ನಾಟ್ ಅಬೌಟ್ ಬೀಯಿಂಗ್ ನೈಸ್” ಎಂದ. ಆಂಟಿ ಊಟ ಆಯ್ತಾ ಎಂದು ಕೇಳಿದರು.

ಸಾಕಷ್ಟು ಸಾಕ್ಷ್ಯವಿಲ್ಲವೆಂದು ದೂರು ಅಲ್ಲಿಗೇ ಮುಗಿಯಿತು. ಆಂಟಿ ವಾಕರ್ ಹಿಡಿದು ಗ್ಲೆಂಡೇಲ್ ಹೈಟ್ಸ್‌ನ ಮನೆಗೆ ಬಂದರು. ಡೊರೊಥಿಗಾಗಿ ಬೆಲ್ ಒತ್ತುವವರು ಯಾರೂ ಉಳಿಯಲಿಲ್ಲ. ಒತ್ತಿದ್ದರೂ ಬರುವವರು ಮೊದಲೇ ಇರಲಿಲ್ಲ. ಒಂದು ಭಾನುವಾರ ಆಕೆ ತಾನೇ ಎದ್ದು ಬಚ್ಚಲಿಗೆ ಹೋಗಲು ನೋಡಿ ಬಿದ್ದರು. ಆಸ್ಪತ್ರೆಗೆ ಸೇರಿಸಿದರು. ಆಕೆ ಮತ್ತೆ ಏಳಲಿಲ್ಲ.

ಡೊರೊಥಿಯ ಮಗಳು ಹೊಸದಾಗಿ ದೂರು ಕೊಟ್ಟಳು. ಆಂಟಿ ಹೇಳಿಕೆ ಕೊಡಬಹುದೇ ಎಂದು ಹಿಂಜರಿಯುತ್ತಲೇ ಕೇಳಿದಳು. ಈ ಸಲ ಆಂಟಿ ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ವಿಚಾರಣೆ ವಿಡಿಯೋದಲ್ಲಿ ನಡೆಯಿತು. ನಮ್ಮ ಮನೆಯ ಊಟದ ಮೇಜಿನಲ್ಲಿ ಲ್ಯಾಪ್‌ಟಾಪಿನ ಎದುರು ಕೂತು ಆಂಟಿ ಬೆಲ್ಲು, ದೀಪ, ಒದ್ದೆ ಹಾಸಿಗೆ ಎಲ್ಲವನ್ನೂ ಹೇಳಿದರು. ಪರದೆಯ ಒಂದು ಮೂಲೆಯಲ್ಲಿ ಅಡ್ಮಿನಿಸ್ಟ್ರೇಟರ್ ಇದ್ದ. ಕೈಮುಗಿಯಲಿಲ್ಲ. ಅವನ ವಕೀಲ, ಮೊದಲ ಸಲ ಎಲ್ಲ ಚೆನ್ನಾಗಿದೆ ಎಂದಿದ್ದಿರಲ್ಲ, ಸುಳ್ಳು ಹೇಳಿದ್ದು ಆಗಲೋ ಈಗಲೋ ಎಂದು ಕೇಳಿದ.

“ದೆನ್,” ಎಂದರು ಆಂಟಿ, “ನಾಟ್ ನೌ.”

ಅವನ ಲೈಸೆನ್ಸನ್ನು ಕೆಲವು ಕಾಲ ಅಮಾನತಿನಲ್ಲಿಟ್ಟರು. ಸುದ್ದಿ ತಿಳಿದ ದಿನ ನಾನು ಆಂಟಿಯ ಮನೆಗೆ ಹೋದೆ. ಗೆದ್ದಿರಿ ಎನ್ನಬೇಕೆಂದಿದ್ದೆ, ಮುಖ ನೋಡಿ ನುಂಗಿಕೊಂಡೆ. ಕಾಫಿ ಆರಿಹೋಗುವವರೆಗೆ ಲೋಟ ಹಿಡಿದು ಕೂತಿದ್ದರು.

“ನಾನು ಒಳ್ಳೆಯವಳು ಅನ್ನಿಸ್ಕೊಂಡೆ ಕಣೆ,” ಎಂದರು. “ಬಿದ್ದವಳು ಅವಳು.”

ಇಲ್ಲ ಆಂಟಿ, ಹಾಗಲ್ಲ ಎಂದು ಸಮಾಧಾನ ಮಾಡಲು ಹೊರಟೆ. ಅದೂ ನಮ್ಮ ಮರ್ಯಾದೆಯ ಮಾತೇ ಅನ್ನಿಸಿ, ಅವರ ಲೋಟ ತೆಗೆದುಕೊಂಡು ಕಾಫಿ ಬಿಸಿ ಮಾಡಲು ಎದ್ದೆ.

ಅಂಗಡಿಯಿಂದ ಬರಿಗೈಯಲ್ಲಿ ಹೊರಬಂದು, ಕಾರು ಸ್ಟಾರ್ಟ್ ಮಾಡಿ ಆಂಟಿಗೆ ಫೋನ್ ಮಾಡಿದೆ. ಹೇಗಿದ್ದೀರಿ ಎಂದೆ. ಪ್ರಶ್ನೆ ಮುಗಿಯುವ ಮೊದಲೇ “ಚೆನ್ನಾಗಿದೀನಿ, ನೀನು?” ಎನ್ನುತ್ತಿದ್ದವರು ಅವರು. ಆ ಉತ್ತರಕ್ಕೆ ತಯಾರಾಗಿ ಒಂದು ಕೈಯಲ್ಲಿ ಸೀಟ್ ಬೆಲ್ಟ್ ಎಳೆದುಕೊಳ್ಳುತ್ತಿದ್ದೆ.

ಈ ಸಲ ಪ್ರಶ್ನೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಚೆನ್ನಾಗಿಲ್ಲ ಕಣೆ” ಎಂದರು.

ಕಾರು ಆಫ್ ಮಾಡಿ, “ಹೇಳಿ ಆಂಟಿ” ಎಂದೆ.